ಮನೆ ತುಂಬಾ ಹೂ ಇದ್ದರೂ ಜೇನು, ಚಿಟ್ಟೆ ಬರುತ್ತಿಲ್ಲ ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ತುಮಕೂರಿನಲ್ಲಿ ನಮ್ಮದು 30×40 ಸೈಟಿನ ಮನೆ. ಮುಂದೆ ಎಂಟು ಅಡಿ ಅಗಲದ ಜಾಗ ಬಿಟ್ಟಿದ್ದೇವೆ, ತಾರಸಿಯಲ್ಲಿ ಕುಂಡಗಳಿವೆ. ಎರಡು ವರ್ಷದಲ್ಲಿ ನರ್ಸರಿಯಿಂದ ಸುಮಾರು ನಲವತ್ತು ಗಿಡ ತಂದೆ. ಡಬಲ್ ದಾಸವಾಳ, ಗುಲಾಬಿ, ಬೋಗನ್‌ವಿಲ್ಲಾ, ಟೇಬಲ್ ರೋಸ್, ಕ್ರೋಟನ್, ಹೀಗೆ. ಹೂವೇನೋ ಚೆನ್ನಾಗಿ ಬಿಡುತ್ತದೆ, ಆದರೆ ಜೇನು, ಚಿಟ್ಟೆ ಕಾಣುವುದೇ ಇಲ್ಲ. ತಾರಸಿಯ ಸೋರೆ ಮತ್ತು ಸಿಹಿಗುಂಬಳದ ಹೀಚು ಬೆರಳುದ್ದ ಆಗಿ ಹಳದಿ ತಿರುಗಿ ಉದುರುತ್ತದೆ. ಕರಿಬೇವಿಗೆ ಮಾತ್ರ ಹಸಿರು ಹುಳ ಬಿದ್ದು ಎಲೆಯೆಲ್ಲ ಬೋಳಾಯಿತು. ಅಂಗಡಿಯವರು ಕೊಟ್ಟ ಔಷಧಿಯನ್ನು ಎರಡು ಸಲ ಹೊಡೆದೆ. ಪಾರಿಜಾತ ಹಾಕೋಣ ಅಂದರೆ ಹಾವು ಬರುತ್ತದೆ ಅಂತ ಅತ್ತೆ ಬೇಡ ಅನ್ನುತ್ತಾರೆ. ನಮ್ಮ ಮನೆಯವರಿಗೆ ಜೇನಿನ ಭಯ. ಹಿಂದಿನ ಬೀದಿಯ ನೀರಿನ ಟ್ಯಾಂಕಿಗೆ ಹೆಜ್ಜೇನು ಕಟ್ಟಿ, ಹೋದ ವರ್ಷ ಇಬ್ಬರಿಗೆ ಕಚ್ಚಿತ್ತು. ನಮಗೆ ಐದು ವರ್ಷದ ಮಗಳಿದ್ದಾಳೆ. ಲಂಟಾನ ಹಾಕಿದರೆ ಚಿಟ್ಟೆ ಬರುತ್ತದಂತೆ, ಚಿಟ್ಟೆ ತೋಟಕ್ಕೆ ಅಂತಲೇ ಬೀಜದ ಪ್ಯಾಕೆಟ್ಟೂ ಸಿಗುತ್ತದೆ. ನಾನು ಯಾವ ಗಿಡ ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಚಿಂತೆಗಳಿವೆ. ಎಲ್ಲದಕ್ಕೂ ಉತ್ತರ ಹೇಳುತ್ತೇನೆ. ಮೊದಲು ನಿಮ್ಮದೇ ಎರಡು ಮಾತನ್ನು ಪಕ್ಕ ಪಕ್ಕ ಇಟ್ಟು ಓದಿ. ಚಿಟ್ಟೆ ಕಾಣುವುದೇ ಇಲ್ಲ ಅನ್ನುವುದು ಒಂದು. ಕರಿಬೇವಿನ ಹಸಿರು ಹುಳಕ್ಕೆ ಔಷಧಿ ಹೊಡೆದೆ ಅನ್ನುವುದು ಇನ್ನೊಂದು. ಆ ಹುಳವೇ ಚಿಟ್ಟೆ.

ನೀವು ತಪ್ಪು ಮಾಡಿದಿರಿ ಅಂತ ಹೇಳುತ್ತಿಲ್ಲ. ಗಿಡ ಬೋಳಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಇಪ್ಪತ್ತು ವರ್ಷದಿಂದ ಗಿಡ ಮತ್ತು ಕೀಟಗಳ ನಡುವೆಯೇ ಕೆಲಸ ಮಾಡುತ್ತಿದ್ದೇನೆ. ಕೈತೋಟದವರು ನನಗೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ ಕರಿಬೇವಿನ ಹುಳದ್ದು. ಅದು ಏನು ಅಂತ ಗೊತ್ತಾದ ಮೇಲೆ ಮತ್ತೆ ಔಷಧಿ ಹೊಡೆದವರು ಕಡಿಮೆ.

ಕರಿಬೇವಿನ ಮೇಲೆ ಹೆಚ್ಚಾಗಿ ಮೊಟ್ಟೆ ಇಡುವುದು ಎರಡು ಜಾತಿಯ ಚಿಟ್ಟೆಗಳು. ಕಪ್ಪು ರೆಕ್ಕೆಯ ದೊಡ್ಡ ಕಾಮನ್ ಮಾರ್ಮನ್ ಒಂದು, ಕಪ್ಪು ಹಳದಿ ಚಿತ್ತಾರದ ಲೈಮ್ ಚಿಟ್ಟೆ ಇನ್ನೊಂದು. ನಿಂಬೆ, ಬಿಲ್ವಪತ್ರೆ ಕೂಡ ಇದೇ ಕುಟುಂಬದ ಗಿಡಗಳು, ಅವುಗಳ ಮೇಲೂ ಇಡುತ್ತವೆ. ನಾಳೆ ಬೆಳಿಗ್ಗೆ ಚಿಗುರೆಲೆ ತಿರುಗಿಸಿ ನೋಡಿ. ಸಣ್ಣ ಸಾಸಿವೆಯಷ್ಟು, ತಿಳಿ ಹಳದಿಯ ಒಂಟಿ ಮೊಟ್ಟೆ ಅಂಟಿಕೊಂಡಿರಬಹುದು. ಅದರಿಂದ ಬರುವ ಮರಿ ಹುಳ ಕಂದು ಬಿಳಿ ಬಣ್ಣದ್ದು, ಥೇಟ್ ಹಕ್ಕಿ ಹಿಕ್ಕೆಯ ಹಾಗೆ ಎಲೆಯ ಮೇಲೆ ಬಿದ್ದಿರುತ್ತದೆ. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನುವುದಿಲ್ಲ ಅಲ್ವಾ? ದೊಡ್ಡದಾದ ಮೇಲೆ ಎಲೆಯ ಹಸಿರಿಗೇ ತಿರುಗುತ್ತದೆ. ಆಗ ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಥಟ್ಟನೆ ಹೊರಗೆ ಚಾಚುತ್ತದೆ, ಜೊತೆಗೇ ಒಂದು ಘಾಟು ವಾಸನೆ. ಇರುವೆ, ಕಣಜಗಳನ್ನು ಹೆದರಿಸಲು ಅದರ ಹತ್ತಿರ ಇರುವ ಆಯುಧ ಅಷ್ಟೇ. ಮುಳ್ಳಿಲ್ಲ, ಕಚ್ಚುವುದಿಲ್ಲ, ಮೈ ತುರಿಸುವುದಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಬಹುದು. ಮೈತುಂಬಾ ಕೂದಲಿರುವ ಕಂಬಳಿಹುಳ ಬೇರೆ, ಅದನ್ನು ಮಾತ್ರ ಮುಟ್ಟಬಾರದು ಅಂತ ಹೇಳಿಕೊಡಿ.

ಚಿಟ್ಟೆಗೆ ಹೂ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ದೊಡ್ಡ ಚಿಟ್ಟೆ ಯಾವ ಹೂವಿನ ಮಕರಂದವನ್ನಾದರೂ ಹೀರಿಕೊಂಡೀತು. ಆದರೆ ಅದರ ಮರಿಗಳು ಊಟದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಂದೊಂದು ಜಾತಿಗೆ ಕೆಲವೇ ಗಿಡಗಳ ಎಲೆ ಆಗುತ್ತದೆ, ಬೇರೆ ಎಲೆ ಕೊಟ್ಟರೆ ಉಪವಾಸ ಸಾಯುತ್ತವೆ. ನಿಮ್ಮ ನಲವತ್ತು ಗಿಡಗಳಲ್ಲಿ ಚಿಟ್ಟೆ ನಂಬಿ ಮೊಟ್ಟೆ ಇಡುವ ಗಿಡ ಬಹುಶಃ ಆ ಕರಿಬೇವು ಒಂದೇ. ಹಕ್ಕಿಗಳ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ಮಕರಂದ ಹೀರುವ ಸೂರಕ್ಕಿ, ಕಾಳು ತಿನ್ನುವ ಗುಬ್ಬಚ್ಚಿ, ಎರಡೂ ಮರಿಗಳಿಗೆ ತಂದು ಕೊಡುವುದು ಹುಳ, ಜೇಡಗಳನ್ನೇ. ಎಲೆಯಲ್ಲಿ ತೂತೇ ಬೀಳದ ತೋಟದಲ್ಲಿ ಹಕ್ಕಿ ಮರಿಗೆ ಊಟವಿಲ್ಲ.

ಹಾಗಂತ ನಿಮ್ಮ ಒಗ್ಗರಣೆಗೆ ಕರಿಬೇವೇ ಇಲ್ಲದಂತೆ ಆಗಬೇಕಿಲ್ಲ. ಎರಡು ಗಿಡ ಹಾಕಿ. ಒಂದು ಅಡುಗೆಗೆ, ಒಂದು ಹುಳಕ್ಕೆ. ಅಡುಗೆಯ ಗಿಡದಲ್ಲಿ ಹುಳ ಕಂಡರೆ ಆ ಎಲೆಯ ಸಮೇತ ಕಿತ್ತು ಇನ್ನೊಂದರ ಮೇಲೆ ಇಡಿ. ಹುಳ ತಿನ್ನುವುದು ಎರಡು ಮೂರು ವಾರ ಮಾತ್ರ. ಬುಡ ಗಟ್ಟಿಯಾಗಿರುವ ಕರಿಬೇವು ಪೂರ್ತಿ ಬೋಳಾದರೂ ಮತ್ತೆ ಚಿಗುರುತ್ತದೆ. ಒಂದು ಅಡಿಯ ಸಣ್ಣ ಸಸಿಗೆ ಮಾತ್ರ ಅಪಾಯ, ಅದರ ಮೇಲೆ ಹುಳ ಉಳಿಯಲು ಬಿಡಬೇಡಿ.

ಔಷಧಿಯ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಇದು ಜೇನಿಗಿಂತ ಮೊದಲು ನಿಮ್ಮ ಮನೆಯವರಿಗೆ ಸಂಬಂಧಿಸಿದ್ದು. ಬಾಟಲಿಯ ಮೇಲಿನ ಹೆಸರು ಓದಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್ ಅಂತ ಇದ್ದರೆ ಅವು ಎಲೆಯ ಮೇಲೆ ಸುಮ್ನೆ ಕೂರುವ ಔಷಧಿಗಳಲ್ಲ. ಗಿಡದ ಒಳಗೇ ಸೇರಿ ಚಿಗುರು, ಹೂವಿನ ಪುಡಿ, ಮಕರಂದ ಎಲ್ಲದರಲ್ಲೂ ಹರಿದಾಡುತ್ತವೆ. ತೊಳೆದರೆ ಹೋಗುವುದಿಲ್ಲ. ಇವು ಜೇನಿಗೆ ಕೇಡು ಅಂತಲೇ ಯುರೋಪಿನ ಒಕ್ಕೂಟ 2018ರಲ್ಲಿ ಈ ಎರಡನ್ನೂ ಬಯಲಿನ ಬೆಳೆಗೆ ಬಳಸುವುದನ್ನು ನಿಷೇಧಿಸಿತು. ಔಷಧಿ ಬಿದ್ದ ಆ ಕರಿಬೇವಿನ ಎಲೆಯನ್ನು ಈಗ ಅಡುಗೆಗೆ ಬಳಸಬೇಡಿ. ನಾನಾಗಿದ್ದರೆ ಕೊಂಬೆಗಳನ್ನು ಕೆಳಗಿನವರೆಗೆ ಕತ್ತರಿಸಿ ಎಸೆದು, ಎರಡು ಮೂರು ತಿಂಗಳ ಚಿಗುರನ್ನೂ ಬಿಟ್ಟು, ಆಮೇಲಿನದನ್ನು ಬಳಸುತ್ತಿದ್ದೆ. ನರ್ಸರಿಯಲ್ಲಿ ಕೂಡ ಗಿಡ ಚೊಕ್ಕವಾಗಿ ಕಾಣಲಿ ಅಂತ ಇಂಥ ಔಷಧಿ ಕೊಟ್ಟಿರುವುದುಂಟು. ಹೊಸ ಗಿಡ ತರುವಾಗ ಕೇಳಿ. ಒಂದೂ ತೂತಿಲ್ಲದ, ಮಿರಮಿರ ಮಿಂಚುವ ಗಿಡಕ್ಕಿಂತ ಒಂದೆರಡು ಎಲೆ ಹುಳ ತಿಂದ ಗಿಡವನ್ನೇ ನಾನು ಆರಿಸುವುದು.

ಬೇವಿನ ಎಣ್ಣೆ ಹೊಡೆಯಬಹುದಾ ಅಂತ ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ಅದು ಚಿಟ್ಟೆಯ ಹುಳಕ್ಕೂ ಆಗದು. ಸಸ್ಯಹೇನು ಜಾಸ್ತಿಯಾದರೆ ಮೊದಲು ಪೈಪಿನಿಂದ ಜೋರಾಗಿ ನೀರು ಹೊಡೆದು ನೋಡಿ, ಒಂದು ವಾರ ಕಾಯಿರಿ. ಗುಲಗಂಜಿ ಹುಳು ಬಂದು ಹೇನನ್ನು ತಿನ್ನಲು ಅಷ್ಟು ಸಮಯ ಬೇಕು. ಹೊಡೆಯಲೇಬೇಕಾದರೆ ಸಂಜೆ ಜೇನು ಮರಳಿದ ಮೇಲೆ, ಹೇನು ಇರುವ ರೆಂಬೆಗೆ ಮಾತ್ರ ಹೊಡೆಯಿರಿ, ಹೂವಿಗೆ ತಾಗಿಸಬೇಡಿ.

ಇನ್ನು ಹೂವಿನ ಮಾತು. ದೇವರಿಗೆ ಇಡುವ ಕೆಂಪು ಐದೆಸಳಿನ ದಾಸವಾಳ ನೋಡಿ. ನಡುವೆ ಉದ್ದ ಕೋಲು, ಅದರ ಸುತ್ತ ಹಳದಿ ಪುಡಿ. ಡಬಲ್ ದಾಸವಾಳದಲ್ಲಿ ಆ ಕೋಲು, ಪುಡಿ ಬಿಡುವ ಕೇಸರ ಎಲ್ಲ ಎಸಳಾಗಿಬಿಟ್ಟಿರುತ್ತವೆ. ನಮ್ಮ ಕಣ್ಣಿಗೆ ತುಂಬಿದ ಹೂ, ಜೇನಿಗೆ ಬರಿಗೈ. ಸುರುಳಿ ಸುತ್ತಿದ ಗುಲಾಬಿ, ದಪ್ಪ ಚೆಂಡು ಹೂ, ಎರಡೂ ಹೆಚ್ಚುಕಡಿಮೆ ಇದೇ ಥರ. ಬೋಗನ್‌ವಿಲ್ಲಾದಲ್ಲಿ ನಾವು ಹೂ ಅನ್ನುವ ಬಣ್ಣದ ಕಾಗದ ನಿಜವಾಗಿ ಎಲೆ. ಹೂವೆಂದರೆ ನಡುವಿನ ಬೆಳ್ಳನೆಯ ಕೊಳವೆ, ಅದರಿಂದ ಜೇನಿಗೆ ಹೆಚ್ಚೇನೂ ದಕ್ಕುವುದಿಲ್ಲ. ನಿಮ್ಮ ಟೇಬಲ್ ರೋಸ್ ಒಂಟಿ ಎಸಳಿನದಾದರೆ ಇಟ್ಟುಕೊಳ್ಳಿ, ಬಿಸಿಲೇರುವ ಹೊತ್ತಿಗೆ ಅದರಲ್ಲಿ ಸಣ್ಣ ಜೇನುಗಳು ಉರುಳಾಡುತ್ತವೆ. ಡಬಲ್ ಗಿಡಗಳನ್ನು ಕಿತ್ತು ಹಾಕಿ ಅಂತ ಹೇಳುವುದಿಲ್ಲ, ಇಷ್ಟಪಟ್ಟು ತಂದಿದ್ದೀರಿ. ಮುಂದಿನ ಗಿಡ ಕೊಳ್ಳುವಾಗ ಹೂವಿನ ನಡುಭಾಗ ಕಾಣುತ್ತದಾ ಅಂತ ನೋಡಿ, ಅಷ್ಟು ಸಾಕು.

ಸೋರೆ ಮತ್ತು ಕುಂಬಳದ ಹೀಚು ಉದುರುವುದಕ್ಕೆ ಬರೋಣ. ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಮೊದಲಿನಿಂದಲೇ ಪುಟ್ಟ ಕಾಯಿ ಇರುತ್ತದೆ. ಗಂಡು ಹೂವಿನ ಪುಡಿ ತಾಗದಿದ್ದರೆ ಅದು ಹಳದಿಯಾಗಿ ಉದುರುತ್ತದೆ. ನಿಮ್ಮಲ್ಲಿ ಆಗಿರುವುದು ಬಹುತೇಕ ಇದೇ. ಆದರೆ ಉದುರಿದ ಒಂದು ಹೀಚನ್ನು ಸೀಳಿ ನೋಡಿ. ಒಳಗೆ ಬಿಳಿ ಹುಳ ಇದ್ದು ಕೊಳೆತಿದ್ದರೆ ಅದು ಹಣ್ಣು ನೊಣದ ಕೆಲಸ. ಆಗ ಹೊಸ ಹೀಚಿಗೆ ಕಾಗದದ ಚೀಲ ಕಟ್ಟಬೇಕು, ಬಿದ್ದದ್ದನ್ನು ಅಲ್ಲೇ ಬಿಡದೆ ಮುಚ್ಚಿದ ಚೀಲದಲ್ಲಿ ಹಾಕಿ ಎಸೆಯಬೇಕು.

ಹೊತ್ತಿನ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸಿಹಿಗುಂಬಳದ ಹೂ ನಸುಕಿನಲ್ಲಿ ಅರಳಿ ಹತ್ತು ಗಂಟೆಯೊಳಗೆ ಮುದುಡಿಕೊಳ್ಳುತ್ತದೆ, ಅದು ಜೇನಿನ ಪಾಲು. ಸೋರೆಯ ಬಿಳಿ ಹೂ ಸಂಜೆ ಅರಳುತ್ತದೆ, ಅದು ರಾತ್ರಿ ಪತಂಗಗಳ ಪಾಲು. ಒಂದು ಸಂಜೆ ತಾರಸಿ ದೀಪ ಆರಿಸಿ, ಸೋರೆ ಬಳ್ಳಿಯ ಹತ್ತಿರ ಸದ್ದು ಮಾಡದೆ ನಿಂತುಕೊಳ್ಳಿ. ಪತಂಗ ಬಂದರೆ ರೆಕ್ಕೆಯ ಸದ್ದು ಮೊದಲು ಕೇಳುತ್ತದೆ. ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದ ಸೊಂಡಿಲು ಚಾಚಿ ಹೀರಿ, ಮುಂದಿನ ಹೂವಿಗೆ ಹೋಗುತ್ತದೆ. ರಾತ್ರಿಯೆಲ್ಲ ಬಿಳಿ ಎಲ್‌ಇಡಿ ಉರಿಯುವ ತಾರಸಿಯಲ್ಲಿ ಪತಂಗಗಳು ಹೂ ಬಿಟ್ಟು ದೀಪ ಸುತ್ತುತ್ತವೆ. ದೀಪ ಆರಿಸುವುದಕ್ಕೆ ಖರ್ಚೇನೂ ಇಲ್ಲ. ಅಲ್ಲಿಯವರೆಗೆ ನೀವೇ ಪುಡಿ ತಾಗಿಸಿ. ಗಂಡು ಹೂ ಕಿತ್ತು, ಎಸಳು ತೆಗೆದು, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒತ್ತಿ. ಕುಂಬಳಕ್ಕೆ ಬೆಳಿಗ್ಗೆ ಆರರಿಂದ ಎಂಟರ ಒಳಗೆ, ಸೋರೆಗೆ ಕತ್ತಲಾಗುವ ಹೊತ್ತಿಗೆ.

ಬದನೆ, ಟೊಮೇಟೊ ಹಾಕಿದರೆ ಇನ್ನೊಂದು ಸೊಗಸು ನೋಡಬಹುದು. ಅವುಗಳ ಪುಡಿ ಸಣ್ಣ ತೂತಿನ ಡಬ್ಬಿಯೊಳಗೆ ಇದ್ದ ಹಾಗೆ, ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನು ಬದನೆ ಹೂವನ್ನು ತಬ್ಬಿ ಹಿಡಿದು ಮೈ ನಡುಗಿಸುತ್ತದೆ. ಝುಂಯ್ ಅಂತ ಸಣ್ಣ ಸದ್ದು, ಪುಡಿ ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಈ ನೀಲಿ ಪಟ್ಟೆಯದು ಗೂಡು ಮಾಡುವುದು ಬರಿ ಮಣ್ಣಿನಲ್ಲಿ. ಅಂಗಳಕ್ಕೆಲ್ಲ ಸಿಮೆಂಟು, ಟೈಲ್ಸು ಹಾಕಿದ ಬೀದಿಯಲ್ಲಿ ಅದಕ್ಕೆ ಮನೆಯೇ ಇಲ್ಲ. ನಿಮ್ಮ ಎಂಟು ಅಡಿಯಲ್ಲಿ ಬಿಸಿಲು ಬೀಳುವ ಎರಡು ಅಡಿ ಜಾಗವನ್ನು ಏನೂ ಹಾಕದೆ, ಅಗೆಯದೆ ಹಾಗೇ ಬಿಡಿ.

ನಿಮ್ಮ ಮನೆಯವರ ಭಯ ನ್ಯಾಯವಾದದ್ದೇ. ಹೆಜ್ಜೇನಿನ ಹಿಂಡು ರೇಗಿದರೆ ಜೀವಕ್ಕೇ ಅಪಾಯ. ಆದರೆ ಅದು ನಿಮ್ಮ ಹೂ ನೋಡಿ ಟ್ಯಾಂಕಿಗೆ ಕಟ್ಟಿದ್ದಲ್ಲ. ಎತ್ತರದ, ನೆಮ್ಮದಿಯ ಜಾಗ ಹುಡುಕಿ ಕಟ್ಟುತ್ತದೆ, ಕೆಲವು ತಿಂಗಳು ಇದ್ದು ಹೋಗುತ್ತದೆ. ಅದು ರೇಗುವುದು ಕಲ್ಲು, ಹೊಗೆ, ಹದ್ದಿನ ಹೊಡೆತ ಬಿದ್ದು ಗೂಡಿಗೆ ಅಪಾಯ ಅನ್ನಿಸಿದಾಗ. ಹೂವಿನ ಮೇಲೆ ಕೂತ ಜೇನು ಮೇಯುತ್ತಿರುತ್ತದೆ, ಕೈಯಿಂದ ಹಿಸುಕಿದರೆ, ಬರಿಗಾಲಲ್ಲಿ ತುಳಿದರೆ ಕಚ್ಚುತ್ತದೆ. ಕೈತೋಟಕ್ಕೆ ಬರುವುದು ಹೆಚ್ಚಾಗಿ ಸಣ್ಣ ಕೋಲುಜೇನು, ತುಡುವೆ, ಒಂಟಿ ಜೇನುಗಳು, ಮತ್ತು ಮುಜಂಟಿ. ಮುಜಂಟಿಗೆ ಕಚ್ಚುವ ಮುಳ್ಳೇ ಇಲ್ಲ. ಗೋಡೆಯ ಬಿರುಕಿನಿಂದ ಮೇಣದ ಸಣ್ಣ ಕೊಳವೆ ಹೊರಗೆ ಬಂದಿದ್ದರೆ ಅದು ಮುಜಂಟಿ ಮನೆಯ ಬಾಗಿಲು, ದಯವಿಟ್ಟು ಸಿಮೆಂಟು ಮೆತ್ತಬೇಡಿ.

ಒಂದು ಎಚ್ಚರ ಮಾತ್ರ ಎಲ್ಲರಿಗೂ ಹೇಳಿರಿ. ಜೇನು ಕಚ್ಚಿದ ಮೇಲೆ ಮುಖ ಅಥವಾ ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ, ಅಥವಾ ಒಂದೇ ಸಲ ತುಂಬಾ ಕಡೆ ಕಚ್ಚಿದ್ದರೆ ಮನೆಮದ್ದು ಮಾಡುತ್ತಾ ಕೂರಬಾರದು, ನೇರ ಆಸ್ಪತ್ರೆಗೆ. ಮನೆಯಲ್ಲಿ ಯಾರಿಗಾದರೂ ಹಿಂದೆ ಹೀಗೆ ಆಗಿದ್ದರೆ ಹೂಗಿಡಗಳನ್ನು ಬಾಗಿಲು, ಮಗು ಆಡುವ ಜಾಗದಿಂದ ದೂರ ಇಡಿ.

ಅತ್ತೆಯವರ ಹಾವಿನ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಪಾರಿಜಾತ, ಸಂಪಿಗೆ, ಕೇದಗೆ, ರಾತ್ರಿರಾಣಿ, ಘಮ ಬಂದರೆ ಹಾವು ಬಂತು ಅನ್ನುತ್ತಾರೆ. ಹಾವಿಗೆ ಹೂವಿನ ವಾಸನೆಯಿಂದ ಆಗಬೇಕಾದ್ದು ಏನೂ ಇಲ್ಲ. ಅದು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು, ತಂಪಾಗಿ ಅಡಗುವ ಜಾಗ ಹುಡುಕಿಕೊಂಡು. ಆದರೆ ಅತ್ತೆಯವರ ಮಾತಿನಲ್ಲಿ ಒಂದು ಎಳೆ ನಿಜ ಇದೆ. ದಟ್ಟ ಪೊದೆ, ಕೇದಗೆಯ ಮೆಳೆ, ಗಿಡದ ಬುಡದಲ್ಲಿ ರಾಶಿ ಹಾಕಿದ ಇಟ್ಟಿಗೆ ಇದ್ದರೆ ಹಾವಿಗೆ ಅನುಕೂಲವೇ. ಪಾರಿಜಾತವನ್ನು ಒಂದೇ ಕಾಂಡದ ಮರವಾಗಿ ಬೆಳೆಸಿ, ಕೆಳಗಿನ ಎರಡು ಅಡಿ ರೆಂಬೆ ಸವರಿ, ಬುಡ ಕಾಣುವ ಹಾಗೆ ಇಡಿ. ಅತ್ತೆಯವರಿಗೂ ಒಪ್ಪಿಗೆಯಾಗಬಹುದು, ಪೂಜೆಗೆ ಹೂವೂ ಸಿಗುತ್ತದೆ.

ಲಂಟಾನ ಬೇಡ. ಚಿಟ್ಟೆ ಅದಕ್ಕೆ ಮುತ್ತುತ್ತವೆ ಅನ್ನುವುದು ನಿಜ, ಅದಕ್ಕೇ ಈ ಸಲಹೆ ಹರಿದಾಡುತ್ತದೆ. ದಕ್ಷಿಣ ಅಮೆರಿಕದ ಕಡೆಯ ಈ ಗಿಡವನ್ನು 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯತೋಟಕ್ಕೆ ಅಲಂಕಾರಕ್ಕೆಂದೇ ತಂದರು. ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ರಸ್ತೆಯ ಎರಡೂ ಕಡೆ ಅದೇ. ಅದರ ಮೆಳೆಯ ಕೆಳಗೆ ಹುಲ್ಲು ಏಳುವುದಿಲ್ಲ, ಕಾಡಿನ ಸಸಿ ಏಳುವುದಿಲ್ಲ. ನಿಮ್ಮ ಮನೆಯ ಗಿಡದ ಹಣ್ಣನ್ನು ಪಿಕಳಾರ ತಿಂದು ಎಲ್ಲಿ ಹಿಕ್ಕೆ ಹಾಕುತ್ತದೋ ಅಲ್ಲಿ ಹುಟ್ಟುತ್ತದೆ, ದೇವರಾಯನದುರ್ಗದ ಕಾಡು ನಿಮಗೆ ದೂರವೇನಲ್ಲ. ನೆಲ ಮುಚ್ಚಲು ಕೊಡುವ ಹಳದಿ ಹೂವಿನ ವೆಡೀಲಿಯಾ ಕೂಡ ಹೀಗೇ ಹಬ್ಬುತ್ತದೆ. ಪ್ಯಾಕೆಟ್ಟಿನ ಮಿಶ್ರ ಬೀಜದ ಮೇಲೆ ಒಳಗಿರುವ ಗಿಡಗಳ ಹೆಸರು ಬರೆದಿಲ್ಲದಿದ್ದರೆ ಕೊಳ್ಳಬೇಡಿ.

ಹಾಗಾದರೆ ನಿಮ್ಮ ಜಾಗಕ್ಕೆ ನಾನು ಆರಿಸುವುದು ಯಾವುದು? ಒಂದು ಮೂಲೆಗೆ ಪಾರಿಜಾತ. ಎರಡು ಕರಿಬೇವು, ಒಂದು ನಿಂಬೆ. ಕಾಂಪೌಂಡಿನ ಉದ್ದಕ್ಕೆ ಐದೆಸಳಿನ ದಾಸವಾಳ, ರತ್ನಗಂಧಿ, ಕೆಂಪು ಕೇಪಳ. ಕೆಂಪು ಬಣ್ಣ ಜೇನಿನ ಕಣ್ಣಿಗೆ ಸರಿಯಾಗಿ ಕಾಣದು, ಆದರೆ ಸೂರಕ್ಕಿ ಮತ್ತು ದೊಡ್ಡ ಚಿಟ್ಟೆಗಳಿಗೆ ಅದೇ ಕರೆ. ಜೇನಿಗೆ ತುಳಸಿ, ಕಾಮಕಸ್ತೂರಿ, ಸ್ಫಟಿಕದ ಹೂ. ತುಳಸಿಯ ತೆನೆ ಬಂದ ಕೂಡಲೇ ಚಿವುಟುವುದು ನಮ್ಮ ರೂಢಿ. ಒಂದು ಗಿಡದ್ದನ್ನಾದರೂ ಬಿಡಿ, ಕೋಲುಜೇನು ಬೆಳಿಗ್ಗೆಯಿಂದ ಅದರಲ್ಲೇ ಇರುತ್ತದೆ. ತಾನಾಗಿ ಹುಟ್ಟುವ ತುಂಬೆಯನ್ನು ಕಳೆ ಅಂತ ಕೀಳಬೇಡಿ. ಕೊತ್ತಂಬರಿ, ಸಬ್ಬಸಿಗೆಯ ನಾಲ್ಕು ಗಿಡ ಹೂವಿಗೆ ಬಿಡಿ, ಸಸ್ಯಹೇನು ತಿನ್ನುವ ಹುಳಗಳು ಆ ಹೂವಿಗೇ ಬರುವುದು. ಒಂದೊಂದು ಗಿಡ ಅಲ್ಲೊಂದು ಇಲ್ಲೊಂದು ಹಾಕುವುದಕ್ಕಿಂತ ಒಂದೇ ಜಾತಿಯ ಐದಾರನ್ನು ಒಟ್ಟಿಗೆ ಹಾಕಿ. ಜೇನು ಒಂದು ಸುತ್ತಿನಲ್ಲಿ ಒಂದೇ ಬಗೆಯ ಹೂ ಹಿಡಿದು ಹೋಗುತ್ತದೆ.

ಎಕ್ಕದ ಮೇಲೆ ಕೇಸರಿ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ, ಕಣಗಿಲೆಯ ಮೇಲೆ ಕ್ರೋ ಚಿಟ್ಟೆ ಮೊಟ್ಟೆ ಇಡುತ್ತವೆ. ಆದರೂ ನಿಮಗೆ ಎರಡನ್ನೂ ಹೇಳುವುದಿಲ್ಲ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕೆಟ್ಟದ್ದು, ಕಣಗಿಲೆ ಬುಡದಿಂದ ತುದಿಯವರೆಗೆ ವಿಷ. ಐದು ವರ್ಷದ ಮಗು ಇರುವ ಸಣ್ಣ ಅಂಗಳಕ್ಕೆ ಬೇಡ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವ ಈಶ್ವರಿ ಬಳ್ಳಿಯನ್ನೂ ಕೆಲವರು ಹುಡುಕಿ ತರುತ್ತಾರೆ. ಆ ಚಿಟ್ಟೆ ಮಲೆನಾಡಿನದು, ತುಮಕೂರಿಗೆ ಬರುವ ಆಸೆ ಇಟ್ಟುಕೊಳ್ಳಬೇಡಿ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳಿಗೂ ಅದೇ ಬಳ್ಳಿ, ಅವು ಬಯಲುಸೀಮೆಯಲ್ಲೂ ಇವೆ. ಆದರೆ ಅದರ ಬೇರು, ಎಲೆಯನ್ನು ನಾಟಿ ಮದ್ದು ಅಂತ ಯಾರೂ ಸೇವಿಸಕೂಡದು, ಮೂತ್ರಪಿಂಡ ಹಾಳಾಗುತ್ತದೆ.

ಮಾರ್ಚಿಯಿಂದ ಮೇವರೆಗೆ ಒಂದು ಅಗಲ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಕಲ್ಲಿನ ತಲೆ ಮೇಲೆ ಕಾಣುವಷ್ಟು ನೀರು ಇಡಿ. ಜೇನು ಕಲ್ಲಿನ ಮೇಲೆ ಕೂತು ಕುಡಿಯಬೇಕು, ಮುಳುಗಬಾರದು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ತಟ್ಟೆ ಉಜ್ಜಿದರೆ ಡೆಂಗಿ ಸೊಳ್ಳೆ ಮರಿ ಮಾಡಲು ಸಮಯ ಸಿಗುವುದಿಲ್ಲ. ಗಿಡ ನೆಡುವುದನ್ನು ಜೂನ್ ಮಳೆಗೆ ಇಟ್ಟುಕೊಳ್ಳಿ. ಮೊದಲ ತಿಂಗಳೇ ಚಿಟ್ಟೆ ಬರಲಿಲ್ಲ ಅಂತ ಬೇಸರ ಬೇಡ, ಹಳೆಯ ಔಷಧಿಯ ಅಂಶ ಇಳಿಯಬೇಕು, ಗಿಡ ಬೇರು ಬಿಡಬೇಕು. ನಾನು ಕಂಡ ಹಾಗೆ ಇಂಥ ಅಂಗಳಕ್ಕೆ ಒಂದು ಮಳೆಗಾಲ ಕಳೆದು ದಸರೆಯ ಹೊತ್ತಿಗೆ ಓಡಾಟ ಶುರುವಾಗುತ್ತದೆ.

ಆಮೇಲೆ ಒಂದು ದಿನ ಕರಿಬೇವಿನ ಹುಳ ಇದ್ದಕ್ಕಿದ್ದ ಹಾಗೆ ಮಾಯವಾಗುತ್ತದೆ. ಹಕ್ಕಿ ತಿಂದಿರಬಹುದು, ಇಲ್ಲವೇ ಕೋಶ ಕಟ್ಟಲು ಹೋಗಿರಬಹುದು. ಕಾಂಪೌಂಡ್ ಗೋಡೆ, ಕಿಟಕಿಯ ಸರಳು, ಕುಂಡದ ಅಂಚಿನ ಕೆಳಗೆ ಹುಡುಕಿ. ಒಣ ಎಲೆಯ ಚೂರಿನ ಹಾಗೆ, ನಡುವೆ ಒಂದು ನೂಲಿನ ಎಳೆಯಿಂದ ಕಟ್ಟಿಕೊಂಡು ಒರಗಿರುತ್ತದೆ. ಹಬ್ಬಕ್ಕೆ ಗೋಡೆಗೆ ಬಣ್ಣ ಬಳಿಯುವವರು ಬಂದರೆ ಅಷ್ಟು ಜಾಗ ಬಿಡಲು ಹೇಳಿ. ಹತ್ತು ಹನ್ನೆರಡು ದಿನದ ಮೇಲೆ, ಹೆಚ್ಚಾಗಿ ಬೆಳಗಿನ ಹೊತ್ತು, ಅದು ಒಡೆಯುತ್ತದೆ. ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆ ಬಟ್ಟೆಯ ಹಾಗೆ ಮುದುರಿರುತ್ತದೆ, ಅದು ಬಿಚ್ಚಿ ಒಣಗಲು ಹೊತ್ತು ಬೇಕು. ಅಷ್ಟು ಹೊತ್ತು ಮಗಳು ಮುಟ್ಟದೆ ನೋಡಲಿ.